ಐದನೆಯ ಚುಕ್ಕಿ

ಬೆಳಿಗ್ಗೆ ಭೂತಾಯಿ ಮೀನು ಕೊಯ್ಯಲು ಕೂತರೆ ಹರಿಣಾಕ್ಷಿಗೆ ಮಾತು ಬೇಡ. ಬಾವಿಕಟ್ಟೆಯ ಬುಡದಲ್ಲಿ ಮೆಟ್ಟುಕತ್ತಿ, ಒಂದು ಬದಿಗೆ ಮೀನಿನ ಬುಟ್ಟಿ, ಇನ್ನೊಂದು ಬದಿಗೆ ಒಲೆಯ ಬೂದಿ. ಬೆರಳಿಗೆ ಬೂದಿ ಮುಟ್ಟಿಸಿಕೊಂಡರೆ ಮೀನು ಜಾರುವುದಿಲ್ಲ. ಬೈಂದೂರು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದಾಗಲೂ ಕಷ್ಟದ ಯೋಚನೆಗಳನ್ನು ಅವಳು ಬಗೆಹರಿಸಿಕೊಂಡದ್ದು ಈ ಕಟ್ಟೆಯ ಬುಡದಲ್ಲೇ.

ಬುಟ್ಟಿ ಅರ್ಧ ಮುಗಿದಿತ್ತು. ಬೇಲಿಯ ದಣಪೆ ದಾಟಿ ನೆರೆಮನೆಯ ಸ್ವಾತಿ ಬಂದಳು. ಕಂಕುಳಲ್ಲಿ ಸುರುಳಿ ಸುತ್ತಿದ ಪೋಸ್ಟರ್.

"ದೊಡ್ಡಮ್ಮ, ಕುಂದಾಪ್ರ ಬಸ್‌ಸ್ಟ್ಯಾಂಡಿಂದ ಬಿಡ್ಸ್ಕಂಡ್ ಬಂದೆ. ಇದಕ್ಕೂ ಅಂಟ್ಸಿದ್ರ್."

ಬ್ರಹ್ಮಾವರದ ಕಲಾ ಕಾಲೇಜಿನಲ್ಲಿ ಸ್ನಾತಕೋತ್ತರ ಮುಗಿಸುತ್ತಿರುವ ಮಕ್ಕಳು ಕುಂದಾಪುರದ ಹಳೇ ಹಂಚಿನ ಕಾರ್ಖಾನೆಯ ಗೋದಾಮಿನಲ್ಲಿ ಪ್ರದರ್ಶನ ಇಡುತ್ತಿದ್ದರು. ಅದಕ್ಕೆ ಸ್ವಾತಿ ಬರೆದ ಲಾಂಛನವನ್ನು ಯಾರೋ ಪೋಸ್ಟರ್ ಪೋಸ್ಟರಿನಲ್ಲೂ ಮುಚ್ಚುತ್ತ ಬರುತ್ತಿದ್ದರು.

ಹರಿಣಾಕ್ಷಿ ಕೈ ತೊಳೆದಳು. ಪಕ್ಕದಲ್ಲಿ ಕೂತಿದ್ದ ಬೆಕ್ಕಿಗೆ ಹೇಳಿ ಎದ್ದಳು, ನಾನು ಬರುವವರೆಗೆ ಬುಟ್ಟಿಗೆ ನೀನೇ ಕಾವಲು, ಎಣಿಸಿಟ್ಟಿದ್ದೇನೆ ಎಂದು. ಬೆಕ್ಕು ಆ ಕಡೆ ನೋಡಿತು.

ಜಗಲಿಯಲ್ಲಿ ಪೋಸ್ಟರ್ ಹರಡಿದರು. ಹಂಚಿನ ಕೆಂಪು ಬಣ್ಣದ ಹಾಳೆ. ಕೆಳಗೆ 'ಗುರುತು' ಎಂದು ಪ್ರದರ್ಶನದ ಹೆಸರು, ಅದರ ಕೆಳಗೆ ದಿನ, ಜಾಗ. ನಡುವೆ ಲಾಂಛನ ಇರಬೇಕಾದಲ್ಲಿ ದುಂಡಗೆ ಕತ್ತರಿಸಿದ ಬಿಳಿ ಕಾಗದ.

ಹರಿಣಾಕ್ಷಿ ಬಟ್ಟೆ ಒದ್ದೆ ಮಾಡಿ ಬಿಳಿ ಕಾಗದದ ಅಂಚಿಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಎದ್ದುಬಂತು. ಅಡಿಯಲ್ಲಿ ಲಾಂಛನ ಹೊಸದರಂತೆ ಇತ್ತು. ಬಿಳಿಯಲ್ಲಿ ಒಂದು ಬಾಗಿದ ಗೆರೆ, ಮಲಗಿಸಿಟ್ಟ ಚಂದ್ರನ ಹಾಗೆ. ಅದರ ಒಳಗೆ ಸಾಲಾಗಿ ನಾಲ್ಕು ಚುಕ್ಕಿ.

ಅಂಟು ಹಚ್ಚಿದ್ದು ಅಂಚಿಗೆ ಮಾತ್ರ. ಮಧ್ಯದಲ್ಲಿ ಒಂದು ಹನಿಯೂ ಇಲ್ಲ.

ಹಾಳು ಮಾಡಬೇಕೆಂದಿದ್ದವರು ಹೀಗೆ ಅಂಟಿಸುವುದಿಲ್ಲ, ಎಂದುಕೊಂಡಳು ಹರಿಣಾಕ್ಷಿ. ಹರಿಯುತ್ತಾರೆ, ಸಗಣಿ ಎಸೆಯುತ್ತಾರೆ, ಮಸಿ ಬಳಿಯುತ್ತಾರೆ. ಇದು ಬಿದ್ದ ಮಗುವಿನ ಮೊಣಕಾಲಿಗೆ ಪಟ್ಟಿ ಕಟ್ಟಿದ ಹಾಗಿದೆ. ಗಾಯಕ್ಕೆ ಅಂಟಬಾರದು, ಆದರೆ ಯಾರಿಗೂ ಕಾಣಬಾರದು.

ಅವಳು ಕಾಗದದ ಹಿಂಬದಿಯನ್ನು ಬೆಳಕಿಗೆ ಹಿಡಿದಳು. ನೆನೆದ ಅಂಟಿನಲ್ಲಿ ಕೆಂಪಗಿನ ಸಣ್ಣ ಸಣ್ಣ ಸಿಪ್ಪೆ.

"ರತನ್ ಎಂತದ್ರಲ್ ಪೋಸ್ಟರ್ ಅಂಟ್ಸುದ್?" ಎಂದು ಕೇಳಿದಳು.

ಮೈದಾ ಕುದಿಸಿ ಮೈಲುತುತ್ತು ಹಾಕುತ್ತಾನೆ, ಹುಳ ಬರಬಾರದೆಂದು, ಎಂದಳು ಸ್ವಾತಿ. ರತನ್ ಅವಳ ಸಹಪಾಠಿ. ಪ್ರದರ್ಶನಕ್ಕೆ ಅವನೂ ಒಂದು ಲಾಂಛನ ಬರೆದಿದ್ದ. ತರಗತಿ ಸ್ವಾತಿಯದನ್ನು ಆರಿಸಿತ್ತು. ಹಾಗಾಗಿ ಎಲ್ಲರ ಸಂಶಯವೂ ಮೊದಲು ಅವನ ಮೇಲೆಯೇ.

ಮೈಲುತುತ್ತು ಹಾಕಿದ ಅಂಟು ನೀಲಿಗಟ್ಟುತ್ತದೆ. ಇದರಲ್ಲಿ ನೀಲಿಯ ಸುಳಿವಿಲ್ಲ. ಇದು ಕುಚ್ಚಲಕ್ಕಿ ಅನ್ನದ ಅಗುಳು. ಬೆರಳಲ್ಲಿ ಹಿಚುಕಿ ಹಚ್ಚಿದ್ದು.

ಸ್ವಾತಿ ಗೋಡೆಗೆ ಒರಗಿ ಕೂತಳು. ಹಿಂದಿನ ಸಂಜೆ ವಿಭಾಗದ ಮುಖ್ಯಸ್ಥರು ಹೇಳಿದ್ದನ್ನು ಹೇಳಿದಳು. ಊರಿನಲ್ಲಿ ಯಾರಿಗೋ ಈ ಗುರುತಿನ ಬಗ್ಗೆ ಆಕ್ಷೇಪ ಇರಬಹುದು, ಗಲಾಟೆ ಬೇಡ, ನಾಳೆ ಸಂಜೆಯೊಳಗೆ ಕಾರಣ ತಿಳಿಯದಿದ್ದರೆ ರತನ್‌ನ ಲಾಂಛನ ಹಾಕಿ ಎಲ್ಲ ಬೋರ್ಡು ಬದಲಾಯಿಸುವುದು ಎಂದಿದ್ದರು. ಉಳಿದವರು ಚಿತ್ರವೋ ಶಿಲ್ಪವೋ ಇಡುತ್ತಾರೆ. ಸ್ವಾತಿಯ ಪರೀಕ್ಷೆಯ ಕೆಲಸವೆಂದರೆ ಈ ಪ್ರದರ್ಶನದ ಚಹರೆಯೇ: ಲಾಂಛನ, ಅಕ್ಷರ, ಬಣ್ಣ, ಬಾಗಿಲ ಬೋರ್ಡಿನಿಂದ ಎದೆಗೆ ಚುಚ್ಚುವ ಬಿಲ್ಲೆಯವರೆಗೆ. ಅದನ್ನು ಇಳಿಸಿದರೆ ಅವಳು ತೋರಿಸಲು ಏನೂ ಉಳಿಯುವುದಿಲ್ಲ.

"ಈ ಗುರ್ತ್ ನಿಂಗೆ ಎಲ್ ಸಿಕ್ಕಿದ್ದ್, ಇನ್ನೊಂದ್ ಸಲ ಹೇಳ್."

ಸ್ವಾತಿ ಹೇಳಿದಳು. ಪ್ರತಿಯೊಬ್ಬರ ಕೆಲಸವೂ ಒಂದೊಂದು ಥರ. ಎಲ್ಲವನ್ನೂ ಒಂದೇ ಚಪ್ಪರದಡಿ ತರುವುದು ಹೇಗೆ ಎಂದು ಅವಳು ತಿಂಗಳುಗಟ್ಟಲೆ ಗೀಚಿ ಗೀಚಿ ಬಿಸಾಡಿದ್ದಳು. ಒಂದು ದಿನ ಅಡುಗೆಮನೆಯ ಅಟ್ಟದಿಂದ ಏನೋ ತೆಗೆಯುವಾಗ ಸಣ್ಣದೊಂದು ಕಂಚಿನ ಬಟ್ಟಲು ಕೈಗೆ ಬಂತು. ತನ್ನನ್ನು ಮೀಯಿಸುವಾಗ ಎಣ್ಣೆ ಬಿಸಿ ಮಾಡುತ್ತಿದ್ದ ಬಟ್ಟಲು ಎಂದು ಅಮ್ಮ ಯಾವಾಗಲೋ ಹೇಳಿದ್ದಳು. ತಿರುಗಿಸಿ ನೋಡಿದರೆ ತಳದಲ್ಲಿ ಉಳಿಯಿಂದ ಹೊಡೆದ ಗುರುತು.

ಮದುವೆಗೆ, ಗೃಹಪ್ರವೇಶಕ್ಕೆ ಊರಿನ ಹತ್ತಾರು ಮನೆಗಳ ಪಾತ್ರೆಗಳು ಒಂದೇ ಅಂಗಳಕ್ಕೆ ಬರುತ್ತಿದ್ದವು. ಊಟ ಮುಗಿದು, ತೊಳೆದು ಕವುಚಿ ಹಾಕಿದ ಮೇಲೆ ಯಾರದು ಯಾರಿಗೆ ಎಂದು ತಿಳಿಯುತ್ತಿದ್ದದ್ದು ತಳದ ಗುರುತಿನಿಂದ. ಒಂದೊಂದು ಮನೆಗೆ ಒಂದೊಂದು. ಪ್ರದರ್ಶನವೂ ಹಾಗೆಯೇ ಅಲ್ಲವೇ ಎನಿಸಿತು ಸ್ವಾತಿಗೆ. ಸಹಪಾಠಿಗಳಿಗೆಲ್ಲ ಅವರವರ ಮನೆಯ ಪಾತ್ರೆ ಹುಡುಕಿ ಗುರುತು ತರಲು ಹೇಳಿದಳು. ಅವರವರ ಕೆಲಸದ ಕೆಳಗೆ ಅವರವರ ಗುರುತು. ಎಲ್ಲಕ್ಕೂ ಮುಂದೆ, ಬಾಗಿಲಲ್ಲಿ, ತನ್ನ ಮನೆಯದು.

"ಆದ್ರೆ ಬಟ್ಟಲಲ್ ಇದ್ದದ್ದ್ ಐದ್ ಚುಕ್ಕಿ," ಎಂದಳು. "ಒಂದ್ ಸಾಲಿಂದ ಹೊರಗೆ, ಗೆರೆಯ ಕೆಳಗೆ. ಬಿಲ್ಲೆ ಮೇಲೆ ಸಣ್ಣದ್ ಮಾಡ್ದಾಗ ಪ್ರೆಸ್ಸಿನವ್ರ್ ಮಸಿ ಸಿಡ್ದದ್ದಾ ಅಂದೇಳಿ ಕೇಂತಿದ್ರ್. ಅದಕ್ಕೆ ತೆಗ್ದೆ. ನಾಲ್ಕೇ ಚಂದ ಕಂಡಿತ್."

"ಐದ್ ಇತ್ ಅಂದೇಳಿ ಯಾರಿಗ್ ಗೊತ್ತಿತ್ತ್?"

"ಯಾರಿಗೂ ಇಲ್ಲೆ. ನಂಗೆ. ಅಮ್ಮಂಗೆ."

ಬಟ್ಟಲನ್ನು ತಂದು ತೋರಿಸು ಎಂದಳು ಹರಿಣಾಕ್ಷಿ. ಅದು ಮನೆಯಲ್ಲಿಲ್ಲ ಎಂದಳು ಸ್ವಾತಿ. ಪೋಸ್ಟರ್ ಅಚ್ಚಾಗಿ ಬಂದ ವಾರವೇ ಅಮ್ಮ ಅದನ್ನು ಕಲಾಯಿಗೆ ಕೊಟ್ಟಿದ್ದಾಳಂತೆ.

ಹರಿಣಾಕ್ಷಿ ದುಂಡು ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು. ತಾಮ್ರಕ್ಕೆ ಕಲಾಯಿ, ಹಿತ್ತಾಳೆಗೆ ಕಲಾಯಿ. ಕಂಚಿಗೆ ಯಾರು ಕಲಾಯಿ ಹಾಕಿಸುತ್ತಾರೆ?

ಸ್ವಾತಿ ಪೋಸ್ಟರಿನ ಮೂಲೆಯನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದಳು. ಏನೋ ಕೇಳಲು ಬಾಯಿ ತೆರೆದಳು. ಹರಿಣಾಕ್ಷಿ ಕಾದಳು. ಈ ಹುಡುಗಿಯನ್ನು ಎತ್ತಿ ಆಡಿಸಿದವಳು ಅವಳು. ಚಿಕ್ಕಂದಿನಿಂದಲೂ ಹೀಗೆಯೇ, ಯಾವುದೋ ಒಂದು ಪ್ರಶ್ನೆ ಗಂಟಲವರೆಗೆ ಬಂದು ಬೇರೆ ಏನೋ ಆಗಿ ಹೊರಬೀಳುತ್ತದೆ.

"ಕುಡೂಕ್ ನೀರ್ ಇತ್ತಾ, ದೊಡ್ಡಮ್ಮ?" ಎಂದಳು ಸ್ವಾತಿ.

ಅವರಿಬ್ಬರೂ ಅಂಗಳಕ್ಕೆ ಇಳಿಯುವಾಗ ಬುಟ್ಟಿಯಲ್ಲಿ ಮೀನು ಕಡಿಮೆಯಾಗಿತ್ತು. ಬೆಕ್ಕು ಎಲ್ಲೂ ಇರಲಿಲ್ಲ.

*

ಗೋದಾಮಿನಲ್ಲಿ ಹಳೇ ಜೇಡಿಮಣ್ಣಿನ ವಾಸನೆ ಇನ್ನೂ ಇತ್ತು. ಸ್ವಾತಿ ಒಳಗೆ ಬೋರ್ಡುಗಳ ಎತ್ತರ ಸರಿಮಾಡಿಸಲು ಹೋದಳು. ರತನ್ ಹೊರಗೆ ಏಣಿಯ ಕೆಳಗೆ ಕೂತು ಹಗ್ಗ ಬಿಡಿಸುತ್ತಿದ್ದ. ಶಿರೂರಿನ ಹುಡುಗ, ತೆಳ್ಳಗೆ, ಮುಖದಲ್ಲಿ ನಿದ್ದೆ.

ಹರಿಣಾಕ್ಷಿ ಹತ್ತಿರ ಕೂತಳು. ನೀನು ಮುಚ್ಚಿದ್ದಲ್ಲ ಎಂದು ನನಗೆ ಗೊತ್ತು ಎಂದು ಮೊದಲೇ ಹೇಳಿದಳು. ಅವನ ಹೆಗಲು ಇಳಿಯಿತು.

"ನಾನೇ ಅಂಟಿಸಿ ನಾನೇ ಮುಚ್ಚುಕೆ ನಂಗೆಂತ ಮರ್ಲಾ ಮೇಡಂ?" ಎಂದ. "ಅವ್ಳದ್ದ್ ನನ್ನದ್ದಕ್ಕಿಂತ ಚಂದ ಇತ್. ಅದನ್ನ್ ಅವ್ಳತ್ರ ಮಾತ್ರ ಹೇಳ್ಬೇಡಿ, ಮತ್ತೆ ನೆಲದ್ ಮೇಲೆ ನಡೆತಿಲ್ಲೆ."

ಹಾಗೆ ನಗುತ್ತಲೇ ಅವನು ಫೋನ್ ತೆಗೆದ. ಇನ್ನೊಂದು ವಿಷಯ ಇದೆ ಎಂದ. ಇದನ್ನು ಸ್ವಾತಿಯೇ ಮಾಡಿರಬೇಕು ಎಂದುಕೊಂಡು ಅವನು ಯಾರಿಗೂ ಹೇಳಿರಲಿಲ್ಲ. ಕುಂದಾಪುರ, ಬ್ರಹ್ಮಾವರ ಬದಿಯ ಪೋಸ್ಟರುಗಳಿಗೆ ಮಾತ್ರ ಬಿಳಿ ಕಾಗದ. ಬೈಂದೂರು ಬದಿಯವನ್ನು ಯಾರೂ ಮುಚ್ಚಿಲ್ಲ. ಆದರೆ ಅವನ ಮನೆಯ ಹತ್ತಿರ, ಶಿರೂರು ಬಸ್‌ಸ್ಟಾಪಿನ ಪೋಸ್ಟರಿನಲ್ಲಿ ಏನೋ ಸೇರಿಕೊಂಡಿದೆ.

ಹರಿಣಾಕ್ಷಿ ಕನ್ನಡಕ ಏರಿಸಿಕೊಂಡಳು.

ಚಿತ್ರದಲ್ಲಿ ಅದೇ ಲಾಂಛನ. ಬಾಗಿದ ಗೆರೆ, ನಾಲ್ಕು ಬಿಳಿ ಚುಕ್ಕಿ. ಗೆರೆಯ ಕೆಳಗೆ, ಸಾಲಿನ ಹೊರಗೆ, ಕಪ್ಪಾದ ಐದನೆಯದೊಂದು.

"ಪೆನ್ನಲ್ಲ," ಎಂದ ರತನ್. "ಮುಟ್ಟಿ ಕಂಡೆ. ಕೈಗ್ ಹತ್ತಿತ್. ಕಾಡಿಗೆ."

ಚಿತ್ರವನ್ನು ದೊಡ್ಡದು ಮಾಡಿದರೆ ಬೆರಳ ತುದಿಯ ಗೆರೆಗಳೂ ಕಾಣುತ್ತಿದ್ದವು. ಗೀಚಿದ್ದಲ್ಲ, ಒತ್ತಿದ್ದು. ಕಿರುಬೆರಳಿರಬೇಕು. ಹಸುಗೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವ ಹಾಗೆ ಮೆಲ್ಲಗೆ ಒತ್ತಿ ತೆಗೆದದ್ದು.

ಅವನು ಮುಂದಿನ ಚಿತ್ರಕ್ಕೆ ಸರಿಸಿದ. ಬೈಂದೂರು ರೈಲ್ವೆ ಸ್ಟೇಷನ್ನಿನ ಗೋಡೆ. ಅಲ್ಲೂ ಅದೇ ಜಾಗದಲ್ಲಿ, ಅದೇ ಕಪ್ಪು.

ಹರಿಣಾಕ್ಷಿ ಎರಡೂ ಚಿತ್ರಗಳನ್ನು ಇನ್ನೊಮ್ಮೆ ನೋಡಿದಳು. ಅಳಿಸಿದ ಚುಕ್ಕಿ ಎಲ್ಲಿತ್ತು ಎಂದು ಲಾಂಛನ ನೋಡಿದವರಿಗೆ ತಿಳಿಯುವುದು ಸಾಧ್ಯವಿಲ್ಲ. ಬಟ್ಟಲು ನೋಡಿದವರಿಗೆ ಮಾತ್ರ ಸಾಧ್ಯ.

ಒಂದು ಕೈ ಮುಚ್ಚುತ್ತಿದೆ. ಇನ್ನೊಂದು ಕೈ ತಿದ್ದುತ್ತಿದೆ. ಎರಡೂ ಒಂದೇ ಅಲ್ಲ.

ಈ ಚಿತ್ರಗಳನ್ನು ಸದ್ಯ ಸ್ವಾತಿಗೆ ತೋರಿಸಬೇಡ ಎಂದು ಅವನಿಗೆ ಹೇಳಿ ಅವಳು ಊರಿಗೆ, ಗುಲ್ವಾಡಿಗೆ, ಬಸ್ಸು ಹಿಡಿದಳು.

*

ಗುಣವತಿ ಹಿತ್ತಲ ಬಾಗಿಲಲ್ಲಿ ಬಸಳೆ ದಂಟು ಮುರಿಯುತ್ತಿದ್ದಳು. ಸ್ವಾತಿಯ ತಾಯಿ. ಗಂಡ ದುಗ್ಗಪ್ಪ ತೀರಿಕೊಂಡ ಮೇಲೆ ಗದ್ದೆ, ಹಿತ್ತಲು, ಮಗಳ ಓದು ಎಲ್ಲ ಒಬ್ಬಳೇ ನೋಡಿಕೊಂಡವಳು. ಈಗ ಬ್ರಹ್ಮಾವರದ ತವರಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರಿಂದ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್ಸು.

"ಪೊಲೀಸ್ರ್ ಬಂದ್ರ್," ಎಂದಳು. "ಚಾ ಮಾಡ್ಕಾ, ವಕೀಲ್ರನ್ನ್ ಕರೀಕಾ?"

ಇದು ಅವಳ ಹಳೆಯ ತಮಾಷೆ. ಇವತ್ತು ಸ್ವರ ತೆಳುವಾಗಿತ್ತು.

ಬಿಸಿಲಿಗೆ ನೀರೇ ಸಾಕು ಎಂದಳು ಹರಿಣಾಕ್ಷಿ. ಗುಣವತಿ ಸ್ಟೀಲಿನ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಹರಿಣಾಕ್ಷಿ ನಿಧಾನಕ್ಕೆ ಕುಡಿದಳು. ಕುಡಿದು, ಚೀಲದಿಂದ ಬೆಳಿಗ್ಗೆ ಬಿಡಿಸಿದ ಬಿಳಿ ಕಾಗದವನ್ನು ತೆಗೆದು ನೆಲದ ಮೇಲೆ ಇಟ್ಟಳು. ಖಾಲಿ ಚೊಂಬನ್ನು ಅದರ ಮೇಲೆ ಕವುಚಿದಳು.

ಬಾಯಿಯ ಅಂಚು ಕಾಗದದ ಅಂಚಿಗೆ ಸರಿಯಾಗಿ ಕೂತಿತು.

ಗುಣವತಿ ಅದನ್ನು ನೋಡಿದಳು. ಮುರಿದ ಬಸಳೆ ದಂಟಿನಿಂದ ಲೋಳೆ ಇಳಿದು ಬೆರಳಿಗೆ ಅಂಟುತ್ತಿತ್ತು.

"ಚೊಂಬ್ ಎಲ್ರ್ ಮನೇಲೂ ಇರತ್ತ್," ಎಂದಳು ಕೊನೆಗೆ.

ಹೌದು ಎಂದಳು ಹರಿಣಾಕ್ಷಿ. ಅನ್ನವೂ ಎಲ್ಲರ ಮನೆಯಲ್ಲಿ ಇರುತ್ತದೆ. ಆದರೆ ಗುಲ್ವಾಡಿಯಿಂದ ಬ್ರಹ್ಮಾವರದವರೆಗೆ ಮೊದಲ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಲ್ಲಿಯ ಪೋಸ್ಟರುಗಳೇ ಮುಚ್ಚಿಕೊಂಡಿವೆ. ಮತ್ತೆ ಕಂಚಿನ ಬಟ್ಟಲಿಗೆ ಕಲಾಯಿ ಹಾಕುವವನು ಎಲ್ಲಿದ್ದಾನೆ ಎಂದು ತನಗೂ ಹೇಳಿದರೆ ಅನುಕೂಲ.

ಗುಣವತಿ ಇನ್ನೊಂದು ದಂಟು ಮುರಿದಳು.

ಹರಿಣಾಕ್ಷಿ ಇದನ್ನು ಠಾಣೆಯ ದನಿಯಲ್ಲಿ ಹೇಳಲಿಲ್ಲ. ಬಸಳೆಯ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡು ತಾನೂ ಎಲೆ ಬಿಡಿಸತೊಡಗಿದಳು. ತನ್ನ ತಂಗಿಯ ಮದುವೆಯಲ್ಲಿ ಊರಿನ ಪಾತ್ರೆಗಳನ್ನು ಬೇರೆ ಮಾಡಿದ್ದು ತಾನೇ ಎಂದು ನೆನಪಿಸಿದಳು. ದುಗ್ಗಪ್ಪನ ಮನೆಯ ಕೊಪ್ಪರಿಗೆಯ ತಳದಲ್ಲಿ ಇದ್ದದ್ದು ಒಂದರ ಮೇಲೊಂದು ಹಾಯ್ದ ಎರಡು ಗೆರೆ. ಆ ದೊಡ್ಡ ಪಾತ್ರೆಗಳೆಲ್ಲ ಪಾಲಿನಲ್ಲಿ ಅವನ ಅಣ್ಣನ ಮನೆಗೆ ಹೋದವು, ಸ್ವಾತಿ ಅವನ್ನು ಕಂಡಿಲ್ಲ. ಗುಣವತಿಯ ತವರಿನ ಪಾತ್ರೆಗಳ ಮೇಲೆ ಅವಳ ತಂದೆಯ ಹೆಸರು ಅಕ್ಷರದಲ್ಲೇ ಇದೆ. ಚಂದ್ರ ಮತ್ತು ಚುಕ್ಕಿಯ ಗುರುತು ಇಬ್ಬರದೂ ಅಲ್ಲ.

"ನಮ್ಮ ಅಡ್ಗಿಮನೇಲ್ ಇಪ್ಪುದ್ ನಮ್ಮದ್ದೇ ಅಂದೇಳಿ ಮಗು ನಂಬಿತ್," ಎಂದಳು ಹರಿಣಾಕ್ಷಿ. "ಅದರ್ ತಪ್ಪಲ್ಲ. ಆ ಬಟ್ಲ್ ಯಾರ್ ಮನೇದ್ದ್, ಗುಣ?"

ಹಿತ್ತಲಿನಲ್ಲಿ ತೆಂಗಿನ ಮಡಲೊಂದು ಬಿದ್ದ ಸದ್ದು. ಗುಣವತಿ ತಲೆ ಎತ್ತಲಿಲ್ಲ. ಬೊಂಬಾಯಿಯಲ್ಲಿ ತೆಗೆದುಕೊಂಡದ್ದು ಎಂದಳು. ದುಗ್ಗಪ್ಪ ಅಲ್ಲಿ ಹೋಟೆಲಿನಲ್ಲಿದ್ದಾಗ.

ಬೊಂಬಾಯಿಯ ಅಂಗಡಿಯವನು ಮನೆಗುರುತು ಹೊಡೆದು ಮಾರುವುದಿಲ್ಲ. ಹರಿಣಾಕ್ಷಿ ಅದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಬಹಳ ವರ್ಷಗಳ ಹಿಂದಿನ ಒಂದು ಬೆಳಗು ಅವಳ ಕಣ್ಣ ಮುಂದೆ ಬಂತು. ಬೊಂಬಾಯಿ ಬಸ್ಸಿನಿಂದ ಇಳಿದ ದುಗ್ಗಪ್ಪನ ತಲೆಯ ಮೇಲೆ ಟ್ರಂಕು, ಹಿಂದೆ ಗುಣವತಿ, ಅವಳ ಸೆರಗಿನೊಳಗೆ ಹೆಣ್ಣುಮಗು. ಬೊಂಬಾಯಿಯಲ್ಲೇ ಹೆರಿಗೆಯಾಯಿತಂತೆ ಎಂದು ಊರು ಸಂತೋಷಪಟ್ಟಿತ್ತು. ಅಷ್ಟು ವರ್ಷ ಹರಕೆ ಹೊತ್ತ ಹೆಣ್ಣು. ಬಾಣಂತಿಗೆ ಮದ್ದಿನ ಲೇಹ ಒಯ್ದು ಕೊಟ್ಟದ್ದು ಹರಿಣಾಕ್ಷಿಯೇ. ಆ ಲೇಹದ ಡಬ್ಬಿಯನ್ನು ಗುಣವತಿ ತೆರೆದೇ ಇರಲಿಲ್ಲ ಎಂಬುದು ಈಗ, ಈ ಬಸಳೆಯ ಮುಂದೆ ಕೂತಾಗ, ನೆನಪಾಯಿತು.

"ಗುಣ," ಎಂದಳು.

"ಅದ್ ಅವ್ಳ ಒಟ್ಟಿಗೇ ಬಂದದ್ದ್, ಹರಿಣಕ್ಕ." ಗುಣವತಿಯ ಮಾತು ತುಟಿಯಲ್ಲೇ ಇತ್ತು. "ಬಟ್ಟೇಲ್ ಸುತ್ತಿ, ಅವ್ಳ ಕಾಲ್‌ಬುಡದಲ್ ಇಟ್ಟಿದ್ರ್. ಬಿಸಾಡುಕೆ ಮನಸ್ ಬರ್ಲಿಲ್ಲೆ. ಅದ್ರಲ್ಲೇ ಎಣ್ಣೆ ಕಾಸಿ ಮೀಯ್ಸ್‌ದೆ."

ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಅವಳು ಹೇಳಲಿಲ್ಲ. ಹರಿಣಾಕ್ಷಿ ಕೇಳಲೂ ಇಲ್ಲ. ಪೋಸ್ಟರ್ ಅಚ್ಚಾಗಿ ಬಂದ ದಿನ ಸ್ವಾತಿ ಅದನ್ನು ಗೋಡೆಗೆ ಹಿಡಿದು, ಹೇಗಿದೆ ಅಮ್ಮ ಎಂದಳಂತೆ. ಬಚ್ಚಿಟ್ಟ ಅಟ್ಟದಿಂದ ಇಳಿದು ಆ ಗುರುತು ಹೆದ್ದಾರಿಯುದ್ದಕ್ಕೂ ನಿಂತಿತ್ತು. ಈ ಸೀಮೆಯ ಯಾರ ಮನೆಯ ಗುರುತೋ ಅವರು ಒಂದು ದಿನ ಬಸ್ಸಿನ ಕಿಟಕಿಯಿಂದ ನೋಡಿಯೇ ನೋಡುತ್ತಾರೆ. ಬಂದು ಬಾಗಿಲಲ್ಲಿ ನಿಂತರೆ ತಾನು ಏನಾಗುತ್ತೇನೆ? ಸಾಕಿದವಳು. ಅಷ್ಟೇ.

ಚಂದ ಇದೆ ಎಂದು ಮಗಳಿಗೆ ಹೇಳಿದ್ದಳು. ನಿಜವಾಗಿಯೂ ಚಂದವೇ ಇತ್ತು. ಅದಕ್ಕೇ ಹರಿಯಲು ಕೈ ಬಾರದೆ ಮುಚ್ಚಿದ್ದು, ಒಳಗೆ ಅಂಟು ತಾಗದ ಹಾಗೆ.

"ಪ್ರದರ್ಶನ ಮುಗ್ದ್ ಪೋಸ್ಟರ್ ತೆಗೂವಷ್ಟ್ ದಿನ ಕಾಣ್ದಿರ್ಲಿ ಅಂದ್ಕಂಡೆ. ಅವ್ಳ ಪರೀಕ್ಷೆಗೇ ಕುತ್ತ್ ಬತ್ತ್ ಅಂದೇಳಿ ನಿನ್ನೆವರೆಗೂ ನಂಗ್ ಗೊತ್ತಿರ್ಲಿಲ್ಲೆ. ಅವ್ಳತ್ರ ಹೇಳ್ಬೇಡಿ ಹರಿಣಕ್ಕ. ನಾಳೆಯಿಂದ ಮುಚ್ಚುದಿಲ್ಲೆ."

ಹರಿಣಾಕ್ಷಿ ಎಲೆ ಬಿಡಿಸುವುದನ್ನು ನಿಲ್ಲಿಸಿದಳು. ಕಾರಣ ಹೇಳದಿದ್ದರೆ ಇವತ್ತು ಸಂಜೆ ಮಗಳ ಕೆಲಸ ಗೋಡೆಯಿಂದ ಇಳಿಯುತ್ತದೆ. ಕಾರಣ ಹೇಳಿದರೆ ಈ ಹೆಂಗಸು ಇಷ್ಟು ವರ್ಷ ಕಟ್ಟಿದ್ದು ಇಳಿಯುತ್ತದೆ. ಆದರೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಒಂದಿತ್ತು.

"ಶಿರೂರಿಗೆ ಹೋಯಿದ್ಯಾ ನೀನ್? ಬೈಂದೂರಿಗೆ?"

ಗುಣವತಿ ಮುಖ ಎತ್ತಿದಳು. ಇಲ್ಲ ಎಂದಳು. ಅತ್ತ ಕಡೆ ಅವಳು ವರ್ಷಗಳಿಂದ ಕಾಲಿಟ್ಟಿಲ್ಲ. ಯಾಕೆ ಕೇಳುತ್ತೀರಿ ಎಂದಳು.

ಕಾಡಿಗೆಯ ಬೊಟ್ಟಿನ ವಿಷಯವನ್ನು ಹರಿಣಾಕ್ಷಿ ಮೆಲ್ಲಗೆ, ಒಂದೊಂದೇ ಮಾತಿನಲ್ಲಿ ಹೇಳಿದಳು. ಹೇಳುತ್ತಿದ್ದ ಹಾಗೆ ಗುಣವತಿಯ ಕೈ ತಾನಾಗಿ ಎದ್ದು ಬಾಯಿ ಮುಚ್ಚಿಕೊಂಡಿತು. ಲೋಳೆಯಾದ ಬೆರಳುಗಳು ಕೆನ್ನೆಗೆ ಅಂಟಿದವು.

"ಐದ್ನೇದ್," ಎಂದಳು. "ಸರಿ ಅದೇ ಜಾಗ್ದಲ್ಲಾ?"

"ಅದೇ ಜಾಗ."

ಎದುರು ಬಾಗಿಲಿನಿಂದ ನೆರಳೊಂದು ಒಳಗೆ ಬಿದ್ದದ್ದನ್ನು ಇಬ್ಬರೂ ಒಟ್ಟಿಗೆ ಕಂಡರು.

ಸ್ವಾತಿ ಹೊಸ್ತಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಈ ಮನೆಯಲ್ಲಿ ಅವಳು ಚಪ್ಪಲಿಯಲ್ಲಿ ಹೊಸ್ತಿಲು ಮೆಟ್ಟಿದವಳಲ್ಲ. ಮುಂದಕ್ಕೆ ಚಾಚಿದ ಕೈಯಲ್ಲಿ ಫೋನ್.

ರತನ್ ಮಾತು ಉಳಿಸಿಕೊಂಡಿದ್ದ, ಶಿರೂರಿನದನ್ನೂ ಬೈಂದೂರಿನದನ್ನೂ ತೋರಿಸಿರಲಿಲ್ಲ. ಆದರೆ ಊಟದ ಹೊತ್ತಿಗೆ ಇನ್ನೊಬ್ಬಳು ಸಹಪಾಠಿ ಹೊಸತೊಂದು ಚಿತ್ರವನ್ನು ಎಲ್ಲರಿಗೂ ಕಳಿಸಿದ್ದಳು, ನೋಡಿ, ಇಲ್ಲಿ ಯಾರೋ ಬೊಟ್ಟು ಇಟ್ಟಿದ್ದಾರೆ ಎಂದು. ಹೆಮ್ಮಾಡಿಯ ಪೇಟೆ. ಕಾಡಿಗೆ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

ಶಿರೂರು, ಬೈಂದೂರು, ಈಗ ಹೆಮ್ಮಾಡಿ. ಹರಿಣಾಕ್ಷಿ ಮನಸ್ಸಿನಲ್ಲೇ ರಸ್ತೆ ಎಳೆದಳು. ಆ ಕಿರುಬೆರಳು ಪೋಸ್ಟರಿನಿಂದ ಪೋಸ್ಟರಿಗೆ ಇತ್ತಲೇ ಬರುತ್ತಿತ್ತು. ಹೆಮ್ಮಾಡಿಯಿಂದ ಇಲ್ಲಿಗೆ ಎಷ್ಟು ದೂರ?

ಊಟ ಮಾಡಿದೆಯಾ ಮಗಾ ಎಂದು ಗುಣವತಿ ಕೇಳಿದಳು. ಕೇಳಲು ಅವಳಿಗೆ ಬೇರೆ ಏನೂ ಸಿಗಲಿಲ್ಲ.

ಸ್ವಾತಿ ನೆಲದ ಮೇಲೆ ಕವುಚಿದ್ದ ಚೊಂಬನ್ನು ನೋಡಿದಳು, ಅದರ ಅಂಚಿನಡಿ ಇಣುಕುವ ಬಿಳಿ ಕಾಗದವನ್ನು ನೋಡಿದಳು, ಅಮ್ಮನ ಕೆನ್ನೆಗೆ ಅಂಟಿದ ಲೋಳೆಯನ್ನು ನೋಡಿದಳು. ಬಾಯಿ ತೆರೆದಳು. ಹರಿಣಾಕ್ಷಿಗೆ ಆ ಬಾಯಿಯ ಗುರುತು ಇತ್ತು. ಈಗ ಇವಳು ನೀರು ಕೇಳುತ್ತಾಳೆ, ಎಂದುಕೊಂಡಳು; ಕೇಳಲಿ ದೇವರೇ, ನೀರೇ ಕೇಳಲಿ.

ಸ್ವಾತಿ ಬಂದು ಅಮ್ಮನ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಅಮ್ಮನ ಸೆರಗಿನ ತುದಿ ತೆಗೆದು ಆ ಕೆನ್ನೆಯನ್ನು ಒರೆಸಿದಳು. ಒರೆಸುತ್ತಲೇ, ಎಷ್ಟೋ ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಕೇಳಿದಳು.

"ಅಮ್ಮ, ಆ ಬಟ್ಲ್ ಒಟ್ಟಿಗೆ ನಾನೂ ಬಂದದ್ದಾ?"